ಪಾರ್ಶ್ವವಾಯುವಿನ ನಂತರ ಕೈಯ ಪುನಶ್ಚೇತನ: ಮನೆಯ ಅಭ್ಯಾಸ ಹಾಗೂ ಗ್ರಾಮ ಪಂಚಾಯಿತಿಯ ಪಾತ್ರ

ಪಾರ್ಶ್ವವಾಯುವಿಗೆ, ಅಂದರೆ ಜನರಾಡುವ ಲಕ್ವಕ್ಕೆ, ತುತ್ತಾದ ವ್ಯಕ್ತಿಯು ಆಸ್ಪತ್ರೆಯಿಂದ ಮರಳಿ ಕೋಲಿನ ಆಸರೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಮನೆಯವರು ‘ಗುಣವಾಯಿತು’ ಎಂದು ಸಮಾಧಾನಪಡುತ್ತಾರೆ. ಕೈ ಮಾತ್ರ ಎದೆಗವಚಿಕೊಂಡು, ಮುಷ್ಟಿ ಬಿಗಿದು ಉಳಿದಿರುತ್ತದೆ. ನಡಿಗೆ ಬಂದ ಮೇಲೆ ಕೈಯ ಬಗ್ಗೆ ವಿಚಾರಿಸುವವರು ವಿರಳ. ಆದರೆ ತುತ್ತು ಕಲಸುವುದು, ಸೀರೆಯ ನೆರಿಗೆ ಹಿಡಿಯುವುದು, ಹಾಲು ಕರೆಯುವುದು, ರುಜು ಹಾಕುವುದು ಎಲ್ಲವೂ ಕೈಯನ್ನೇ ಅವಲಂಬಿಸಿವೆ. ದುಡಿಮೆ ನಿಲ್ಲುವುದೂ, ಮನೆಯಲ್ಲಿ ಮಾತಿನ ತೂಕ ಕಡಿಮೆಯಾಗುವುದೂ ಬಹುಮಟ್ಟಿಗೆ ಇಲ್ಲಿಂದಲೇ.

ಮೂಲತಃ ದೋಷವಿರುವುದು ಕೈಯಲ್ಲಲ್ಲ, ಮೆದುಳಿನಲ್ಲಿ. ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು, ಕೈಗೆ ಆದೇಶ ನೀಡುವ ಭಾಗಕ್ಕೆ ಹಾನಿಯಾಗಿರುತ್ತದೆ. ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿತುಕೊಳ್ಳಬಲ್ಲವು; ಆದರೆ ಆ ಕಲಿಕೆಗೆ ರೋಗಿಯ ಸ್ವಂತ ಪ್ರಯತ್ನ ಮತ್ತು ಪುನರಾವರ್ತನೆ ಬೇಕು. ಬೇರೊಬ್ಬರು ಎಣ್ಣೆ ಹಚ್ಚಿ ತಿಕ್ಕಿದರೆ ಹಿತವೆನಿಸಬಹುದು, ಮೆದುಳಿಗೆ ಅಭ್ಯಾಸವಾಗದು. ಪಾರಿವಾಳದ ರಕ್ತ ಹಚ್ಚುವುದರಿಂದ ಯಾವ ಪ್ರಯೋಜನವೂ ಇಲ್ಲ. ಅದಕ್ಕಾಗಿ ಊರೂರು ಅಲೆದು ಕಳೆಯುವ ದಿನಗಳೇ ನಿಜವಾದ ನಷ್ಟ, ಏಕೆಂದರೆ ಚೇತರಿಕೆ ಹೆಚ್ಚು ವೇಗವಾಗಿರುವುದು ಮೊದಲ 3 ತಿಂಗಳಲ್ಲಿ. ಅನಂತರವೂ ಸುಧಾರಣೆ ಸಾಧ್ಯ, ಗತಿ ನಿಧಾನ.

ಇನ್ನೊಂದು ಅಡ್ಡಿ ಮನೆಯವರ ಪ್ರೀತಿಯಿಂದಲೇ ಹುಟ್ಟುತ್ತದೆ. ಊಟ ಮಾಡಿಸುವುದು, ಗುಂಡಿ ಹಾಕುವುದು ಎಲ್ಲವನ್ನೂ ಅವರೇ ಮಾಡಿದಾಗ, ಅಲ್ಪಸ್ವಲ್ಪ ಚಲನೆಯಿದ್ದ ಕೈಯೂ ಬಳಕೆ ಮರೆಯುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಅವರು ಈ ಮರೆವನ್ನು ಗುರುತಿಸಿ, ಸರಿಯಿರುವ ಕೈಗೆ ಕೈಗವಸು ತೊಡಿಸಿ ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ ವಿಧಾನ ರೂಪಿಸಿದರು. ಪಾರ್ಶ್ವವಾಯುವಾಗಿ 3ರಿಂದ 9 ತಿಂಗಳಾಗಿದ್ದ 222 ಜನರ ಮೇಲೆ ಅಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಎರಡು ವಾರಗಳ ಅಭ್ಯಾಸದಿಂದಾದ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು ಹಾಗೂ ಬೆರಳುಗಳನ್ನು ತುಸುವಾದರೂ ಮೇಲೆತ್ತಬಲ್ಲವರಿಗೆ ಮಾತ್ರ ಈ ವಿಧಾನ ಸೂಕ್ತ; ಫಿಜಿಯೋಥೆರಪಿ ತಜ್ಞರನ್ನು ಕೇಳದೆ ಆರಂಭಿಸಬಾರದು.

ಎಷ್ಟು ಬಾರಿ ಅಭ್ಯಾಸ ಮಾಡಬೇಕೆಂಬ ಪ್ರಶ್ನೆಗೆ ‘ಸಾಧ್ಯವಾದಷ್ಟು’ ಎಂಬ ಉತ್ತರ ಸಾಲದು. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಯಿಂದ ಉಪಯುಕ್ತ ಕೆಲಸದ ಅಭ್ಯಾಸ ನಡೆದ ಅವಧಿಗಳಲ್ಲಿ ಪುನರಾವರ್ತನೆ ಸರಾಸರಿ 32 ಬಾರಿ ಮಾತ್ರವಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಬದಲಾಗಲು ನೂರಾರು ಬಾರಿ ಬೇಕಾಗಿತ್ತು. ಅಂದಮೇಲೆ ಉಳಿದ ಅಭ್ಯಾಸ ಮನೆಯಲ್ಲೇ ನಡೆಯಬೇಕು. ಅವರೆಕಾಯಿ ಸುಲಿಯುವುದು, ಕಡಲೆಕಾಳನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಾಕುವುದು, ಖಾಲಿ ಲೋಟ ಎತ್ತಿಡುವುದು, ಬಟ್ಟೆಯಿಂದ ಮೇಜು ಒರೆಸುವುದು ಉತ್ತಮ ಅಭ್ಯಾಸಗಳು. ಬೆರಳು ಆಡದವರು ಸರಿಯಿರುವ ಕೈಯಿಂದ ಇನ್ನೊಂದನ್ನು ಹಿಡಿದು ಮೇಜಿನ ಮೇಲೆ ಮುಂದಕ್ಕೆ ಜಾರಿಸಬಹುದು. ಎಲ್ಲರೂ ಕೊಡಿಸುವ ರಬ್ಬರ್ ಚೆಂಡಿನ ಬಗ್ಗೆ ಒಂದು ಮಾತು: ಮುಷ್ಟಿ ಈಗಾಗಲೇ ಬಿಗಿದಿದ್ದರೆ ಹಿಸುಕುವುದಕ್ಕಿಂತ ಬೆರಳು ಬಿಡಿಸುವ ಅಭ್ಯಾಸವೇ ಮುಖ್ಯ.

ಭುಜದ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಅಗತ್ಯ. 60 ಕಿಲೋ ತೂಕದ ವ್ಯಕ್ತಿಯ ಒಂದು ತೋಳು ಸುಮಾರು 3 ಕಿಲೋ ಇರುತ್ತದೆ. ಸ್ನಾಯುಗಳು ಸಡಿಲವಾದಾಗ ಆ ಭಾರ ಕೀಲನ್ನು ಕೆಳಗೆಳೆಯುತ್ತದೆ. ಆದುದರಿಂದ ಕೈ ಹಿಡಿದೆಳೆದು ಅಥವಾ ಕಂಕುಳಿಗೆ ಕೈಹಾಕಿ ಎಬ್ಬಿಸಬಾರದು. ಕುಳಿತಾಗ ಮುಂಗೈಗೆ ದಿಂಬಿನ ಆಸರೆ ಕೊಡಬೇಕು. ಸ್ಪರ್ಶಜ್ಞಾನ ಕುಂದಿರುವ ಕೈಗೆ ಬಿಸಿನೀರು, ಒಲೆ ತಾಗಿದರೂ ತಿಳಿಯುವುದಿಲ್ಲವಾದ್ದರಿಂದ ಮನೆಯವರು ನೋಡಿಕೊಳ್ಳಬೇಕು.

ಪಂಚಾಯಿತಿಗೆ ಇಲ್ಲಿ ಕೆಲಸವಿದೆ. ಪಾರ್ಶ್ವವಾಯುವಾದವರು ತಮ್ಮನ್ನು ವಿಕಲಚೇತನರೆಂದು ಭಾವಿಸದ ಕಾರಣ ಅನೇಕರ ಹೆಸರು ಪಟ್ಟಿಗೇ ಬರುವುದಿಲ್ಲ. ಸದಸ್ಯರು ಆಶಾ ಕಾರ್ಯಕರ್ತೆಯರ ನೆರವಿನಿಂದ ತಮ್ಮ ವಾರ್ಡಿನಲ್ಲಿ ಅಂಥವರನ್ನು ಗುರುತಿಸಿ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ತಿಳಿಸುವುದು. ಯುಡಿಐಡಿ ಗುರುತಿನ ಚೀಟಿಗೆ ಅರ್ಜಿ ಹಾಕಿಸುವುದು, ಫಿಜಿಯೋಥೆರಪಿ ಲಭ್ಯವಿರುವ ಸರ್ಕಾರಿ ಆಸ್ಪತ್ರೆಗೆ ಸಂಪರ್ಕ ಕಲ್ಪಿಸುವುದು ಅವರ ಮೂಲಕ ಆಗಬೇಕು. ವಿಕಲಚೇತನರಿಗಾಗಿ ಮೀಸಲಿಡುವ ಶೇ 5ರ ನಿಧಿಯು ವರ್ಷಾಂತ್ಯದಲ್ಲಿ ತರಾತುರಿಯಿಂದ ಸಾಧನ ಹಂಚಲಷ್ಟೇ ವೆಚ್ಚವಾಗುವುದು ಸರಿಯಲ್ಲ. ನಿಯಮಗಳಿಗೆ ಒಳಪಟ್ಟು ಚಿಕಿತ್ಸೆಯ ನೆರವಿಗೂ ಕ್ರಿಯಾಯೋಜನೆಯಲ್ಲಿ ಅವಕಾಶ ಕೋರಬಹುದು. ಸಾರ್ವಜನಿಕ ನೀರಿನ ತೊಟ್ಟಿಗಳಲ್ಲಿ ತಿರುಪಿನ ನಲ್ಲಿಯ ಬದಲು ಉದ್ದ ಹಿಡಿಕೆಯ ನಲ್ಲಿ ಅಳವಡಿಸಿದರೆ, ಬೆರಳು ಬಿಡಿಸಲಾಗದವರೂ ಮುಂಗೈಯಿಂದ ತಳ್ಳಿ ನೀರು ಹಿಡಿಯಬಲ್ಲರು.

ಭುಜದಲ್ಲಿ ನೋವು, ಕೈಯಲ್ಲಿ ಊತ ಅಥವಾ ಉಗುರು ಅಂಗೈಗೆ ನಾಟುವಷ್ಟು ಬಿಗಿತ ಕಂಡುಬಂದರೆ ಅಭ್ಯಾಸವನ್ನು ಬಲವಂತದಿಂದ ಮುಂದುವರಿಸದೆ ವೈದ್ಯರಿಗೆ ತೋರಿಸತಕ್ಕದ್ದು.