ರದ್ದಿಗೆ ಹೋದ ಕೆರೆ

ನನ್ನ 25 ವರ್ಷದ ಕೆಲಸವನ್ನು ತಮ್ಮ ಕಿಲೋಗೆ 12 ರೂಪಾಯಿಯಂತೆ ರದ್ದಿಯವನಿಗೆ ತೂಗಿ ಕೊಟ್ಟ. ಹೋದ ವರ್ಷ ಮಹಾನವಮಿಗೆಂದು ಮನೆಗೆ ಸುಣ್ಣಬಣ್ಣ ನಡೆದಿತ್ತು. ನಾನು ಬಾಳೆ ತೋಟ ನೋಡಲು ಕಮಲಾಪುರಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ನನ್ನ ಎರಡೂ ಟ್ರಂಕು ಅಂಗಳದಲ್ಲಿ ಬಾಯಿ ತೆರೆದು ಬಿದ್ದಿವೆ. "ಗೆದ್ದಲ ಹತ್ತಿತ್ತಣ್ಣ. ಹಳಿ ನೋಟ್‌ಬುಕ್ ಇಟ್ಕೊಂಡು ಏನ್ ಮಾಡಾಂವಿದ್ದಿ?" ಅಂದ. ಕೊಡುವ ಮುಂಚೆ ಒಂದು ಮಾತು ಕೇಳಬೇಕಿತ್ತು. ಫೋನು ಅವನ ಜೇಬಿನಲ್ಲೇ ಇತ್ತು. ಈ ಮಾತಿಗೆ ಇವತ್ತಿಗೂ ನನ್ನ ಸಿಟ್ಟು ಇಳಿದಿಲ್ಲ.

ಒಟ್ಟು 31 ನೋಟ್‌ಬುಕ್. ಕಲಬುರಗಿಯ ಶರಣಬಸವೇಶ್ವರ ಕೆರೆ, ಊರ ಮಂದಿ ಕರೆಯುವ ಅಪ್ಪನ ಕೆರೆ, ಅದರ ನೀರನ್ನು 1991ರಿಂದ 2016ರವರೆಗೆ ತಿಂಗಳಿಗೊಮ್ಮೆ ನೋಡಿ ಬರೆದ ಲೆಕ್ಕ. ಕಪ್ಪು ಬಿಳುಪಿನ ಸೆಕಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೆಂದು ಬರೆದುಕೊಳ್ಳುವುದು. 300 ಮಿ.ಲೀ. ಬಾಟಲಿಗೆ ಗುಳ್ಳೆ ಬಾರದಂತೆ ನೀರು ತುಂಬಿ, ಅಲ್ಲೇ ದಂಡೆಯ ಮೇಲೆ ಮ್ಯಾಂಗನಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್ ಹಾಕುವುದು. ನೀರಿನಲ್ಲಿ ಆಮ್ಲಜನಕ ಇದ್ದರೆ ಚಹಾದ ಚರಟದಂಥ ಕಂದು ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗಿರುತ್ತದೆ. ಒಂದು ಮೇ ತಿಂಗಳ ನಸುಕಿನಲ್ಲಿ ತಳದಿಂದ ತೆಗೆದ ನೀರು ಹಾಲಿನಂತೆ ಬೆಳ್ಳಗಾದದ್ದನ್ನು ನೋಡಿ ನನ್ನ ಕೈ ನಡುಗಿತ್ತು. ಆ ಪುಟದಲ್ಲಿ ಸಂಖ್ಯೆ ಬರೆಯಲಾಗದೆ 'ಬಿಳಿ' ಎಂದಷ್ಟೇ ಬರೆದಿದ್ದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ರದ್ದಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಹದಿನೈದು ಹದಿನಾರರ ಹುಡುಗನೊಬ್ಬ ಕುಕ್ಕರುಗಾಲಲ್ಲಿ ಕೂತು ಪುಸ್ತಕಗಳ ರಟ್ಟು ಕಿತ್ತು ಒಂದು ಕಡೆ, ಹಾಳೆ ಒಂದು ಕಡೆ ಒಗೆಯುತ್ತಿದ್ದ. ರಟ್ಟಿನ ರಾಶಿಯಲ್ಲಿ ನನ್ನ ನೀಲಿ ರೆಕ್ಸಿನ್ ಕಂಡಿತು. ಅದರ ಮೇಲೆ ನನ್ನದೇ ಅಕ್ಷರ: '14, ಜೂನ್ 2002ರಿಂದ'. ಒಳಗಿನ ಹಾಳೆ ಎಲ್ಲಿ ಎಂದು ಕೇಳಿದೆ. ಹುಡುಗ ತಲೆ ಎತ್ತದೆ, "ನಿನ್ನಿ ರಾತ್ರೀನೇ ಲಾರಿಗೆ ಹೋತ್ರಿ" ಅಂದ. ಮಾಲೀಕ ಒಳ್ಳೆಯವನು. ಉಳಿದ ಚೀಲಗಳನ್ನೆಲ್ಲ ನನ್ನೆದುರು ಸುರಿಸಿದ. ಮದುವೆ ಕಾರ್ಡು, ಶಾಲೆ ಮಕ್ಕಳ ಗಣಿತದ ಪುಸ್ತಕ, ಹಳೆಯ ಪೇಪರು ಎಲ್ಲವನ್ನೂ ಒಂದೊಂದಾಗಿ ಮಗುಚಿದೆ. ಧೂಳಿಗೆ ಕಣ್ಣು ಉರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿದ್ದು ಮೂರು ನೋಟ್‌ಬುಕ್. 'ಬಿಳಿ' ಎಂದು ಬರೆದ ಪುಟ ಅವುಗಳಲ್ಲಿರಲಿಲ್ಲ. ಬರೀ ರಟ್ಟುಗಳನ್ನು ಎದೆಗವಚಿಕೊಂಡು ಬಹಳ ಹೊತ್ತು ಅಲ್ಲೇ ಕೂತೆ. ಮಾಲೀಕ ಚಹಾ ತರಿಸಿದ. ಕುಡಿಯಲಾಗಲಿಲ್ಲ.

ತಮ್ಮನದು ಒಂದು ದಿನದ ತಪ್ಪು. ನನ್ನದು ಹಳೆಯದು. 2009ರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಇದೇ ನೋಟ್‌ಬುಕ್ಕುಗಳನ್ನು ಕೇಳಿದ್ದಳು. "ಸರ್, ಎಲ್ಲಾ ಕಂಪ್ಯೂಟರಿಗೆ ಹಾಕಿ ಕೊಡ್ತೀನ್ರಿ, ಮೂಲ ನಿಮ್ಮ ಹಂತೇಕೇ ಇರ್ಲಿ." ಮೊದಲು ನನ್ನ ಪುಸ್ತಕ ಬರಲಿ, ಆಮೇಲೆ ನೋಡೋಣ ಎಂದು ಹಟ ಹಿಡಿದೆ. ಪುಸ್ತಕ ಬರಲೇ ಇಲ್ಲ. ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಗಾಳಿಯ ಇಂಗಾಲದ ಡೈ ಆಕ್ಸೈಡ್ ಅಳೆಯಲು ಶುರುಮಾಡಿದರು. 2005ರಲ್ಲಿ ಅವರು ತೀರಿಕೊಂಡರೂ ಅಳತೆ ನಿಲ್ಲಲಿಲ್ಲ, ಮಗ ರಾಲ್ಫ್ ಆ ಕೆಲಸ ಮುಂದುವರಿಸಿದರು. ಪ್ರತಿ ವರ್ಷ ತರಗತಿಯಲ್ಲಿ ಆ ಅಳತೆಯ ಏರುಗೆರೆಯನ್ನು ಬೋರ್ಡಿನ ಮೇಲೆ ಬರೆದು, ಅಳತೆ ಒಬ್ಬರ ಜೊತೆಗೇ ಮುಗಿಯಬಾರದೆಂದು ಪಾಠ ಮಾಡುತ್ತಿದ್ದವನು ನಾನು.

ಕಮಲಾಪುರದ ಕೆಲಸ ಶುರುವಾದದ್ದು ನಿವೃತ್ತಿಯ ನಂತರ. 62ಕ್ಕೆ ಹೊರಬಂದ ಮೇಲೆ ಪ್ರಯೋಗಾಲಯವೂ ಇಲ್ಲ, ರಾಸಾಯನಿಕವೂ ಇಲ್ಲ. ಕಣ್ಣು ಮತ್ತು ಕಾಲು ಸಾಕಾಗುವಂಥ ಪ್ರಶ್ನೆ ಬೇಕಿತ್ತು. 2017ರಲ್ಲಿ ಆ ದಾರಿಯಲ್ಲೇ ಬೀದರ ರೈಲು ಬಂದದ್ದು ಅನುಕೂಲವಾಯಿತು. ಕಮಲಾಪುರದ ಕೆಂಪು ಬಾಳೆ ಜಿಐ ಮಾನ್ಯತೆ ಪಡೆದದ್ದು, ಗೊನೆ ಕೈಗೆ ಬರಲು ಸುಮಾರು 18 ತಿಂಗಳು ಬೇಕು. ಹಣ್ಣಿನಂತೆ ಕಾಂಡವೂ ಕೆಂಪು. ಆದರೆ ಕೆಂಪು ತಾಯಿಗಿಡದ ಬುಡದಲ್ಲೇ ಒಮ್ಮೊಮ್ಮೆ ಹಸಿರು ಮರಿ ಏಳುತ್ತದೆ. ಒಂದೇ ಗಿಡದಲ್ಲಿ ಹೊರಪದರದ ಜೀವಕೋಶ ಒಂದು ಬಗೆ, ಒಳಗಿನದು ಇನ್ನೊಂದು ಬಗೆ ಇದ್ದು, ಬೆಳೆಯುವಾಗ ಪದರಗಳು ಅದಲುಬದಲಾದರೆ ಹೀಗಾಗುತ್ತದೆ ಎನ್ನುವುದು ಸಸ್ಯಶಾಸ್ತ್ರದ ವಿವರಣೆ. ಯಾವ ತೋಟದಲ್ಲಿ, ಯಾವ ಮಣ್ಣಿನಲ್ಲಿ, ಎಷ್ಟು ಮರಿಗೆ ಒಂದು ಹಸಿರು? ನನಗೆ ಅದರ ಲೆಕ್ಕ ಬೇಕು. ಮರಿ ಹಸಿರೆಂದು ಗೊತ್ತಾದ ಕೂಡಲೇ ರೈತರು ಅದನ್ನು ಕಿತ್ತು ಹಾಕುತ್ತಾರೆ. ಅದಕ್ಕೇ ಅವರಿಗಿಂತ ಮುಂಚೆ ನಾನು ಅಲ್ಲಿರಬೇಕು.

ನಿವೃತ್ತಿ ಹತ್ತಿರ ಬಂದವರಿಗೆ ಹೇಳುವುದಿಷ್ಟೇ. ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೋ ಇವತ್ತೇ ತೆಗೆಸಿ. ಒಂದು ಪ್ರತಿ ನಿಮ್ಮ ಮನೆಯಲ್ಲಿ ಬೇಡವೇ ಬೇಡ, ಬೇರೆ ಊರಲ್ಲಿರಲಿ. ಯಾವ ಕೆರೆ, ಯಾವ ಮೂಲೆ, ಯಾವ ವಿಧಾನ ಎಂಬುದನ್ನು ಮೊದಲ ಪುಟದಲ್ಲೇ ಬಿಡಿಸಿ ಬರೆಯಿರಿ, ನಿಮ್ಮ ತಲೆಯಲ್ಲಿದ್ದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಕೇಳಿಕೊಂಡು ಬಂದ ಹುಡುಗರಿಗೆ ಇಲ್ಲ ಅನ್ನಬೇಡಿ. ಟ್ರಂಕಿನ ಮೇಲೆ ಒಳಗೇನಿದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿಡಿ, ಮನೆಯವರಿಗೆ ಬಾಯಿಬಿಟ್ಟು ಹೇಳಿ. ನಾನು ಹೇಳಿರಲಿಲ್ಲ.

ಈಗ ಕಮಲಾಪುರದ ಲೆಕ್ಕಕ್ಕೆ ಎರಡು ಪ್ರತಿ. ಒಂದು ನನ್ನದು. ಇನ್ನೊಂದು ತೋಟದವರ ಮಗಳದು, ಬಿ.ಎಸ್ಸಿ. ಓದುತ್ತಿದ್ದಾಳೆ. ಹೋದ ತಿಂಗಳು ಸಾಲು ಮುಗಿಸಿ ಇಬ್ಬರ ಅಂಕಿ ತಾಳೆ ನೋಡುವಾಗ, "ಸರ್, ಹಸಿರು ನಾಕ ಬರದೀರಿ. ಐದ ಅದಾವ" ಅಂದಳು. ಮತ್ತೆ ಹೋಗಿ ಬಗ್ಗಿ ನೋಡಿದೆ. ಒಣಗಿದ ಎಲೆಯ ಅಡಿಯಲ್ಲಿ ಗೇಣುದ್ದದ ಮರಿ, ಬುಡದಲ್ಲಿ ಎಳ್ಳಷ್ಟೂ ಕೆಂಪಿಲ್ಲ. ನನ್ನ ಪ್ರತಿಯನ್ನು ಅವಳ ಕೈಗೇ ಕೊಟ್ಟೆ. ನಾಲ್ಕು ಹೊಡೆದು ಐದು ಬರೆದಳು.