ದೋಷದ ಮೂಲವನ್ನು ಅರಸುವ ಬಗೆ: ಯೋಜನಾ ನಿರ್ವಹಣೆಯಲ್ಲಿ ಗುಣಮಟ್ಟ ನಿಯಂತ್ರಣ

ಗುತ್ತಿಗೆಯ ಕಾಮಗಾರಿಯಲ್ಲಿ ದೋಷಗಳು ಕಂಡುಬಂದರೆ ಗುತ್ತಿಗೆದಾರನು ಸಾಮಾನ್ಯವಾಗಿ ಅವುಗಳನ್ನು ಸ್ವಂತ ಖರ್ಚಿನಲ್ಲಿಯೇ ಸರಿಪಡಿಸಬೇಕಾಗುತ್ತದೆ. ಭದ್ರತಾ ಠೇವಣಿಯೂ ಅಲ್ಲಿಯವರೆಗೆ ಕೈಗೆ ಬಾರದು. ಆದರೆ ಈ ನಷ್ಟವು ಲೆಕ್ಕಪುಸ್ತಕಗಳಲ್ಲಿ ಪ್ರತ್ಯೇಕವಾಗಿ ಕಾಣಿಸುವುದು ವಿರಳ. ಮರುಕೆಲಸಕ್ಕೆ ತಂದ ಸಿಮೆಂಟು ಖರೀದಿ ಖಾತೆಯಲ್ಲಿಯೂ, ಕೊಟ್ಟ ಕೂಲಿ ಮಜೂರಿ ಖಾತೆಯಲ್ಲಿಯೂ ಬೆರೆತುಹೋಗುತ್ತವೆ. ವರ್ಷಾಂತ್ಯದಲ್ಲಿ ಲಾಭ ಕುಗ್ಗಿರುವುದಷ್ಟೇ ತಿಳಿಯುತ್ತದೆ. ಆದ್ದರಿಂದ ದೋಷದ ಮೂಲವನ್ನು ಗುರುತಿಸುವ ತಂತ್ರಗಳನ್ನು ಎಂಜಿನಿಯರುಗಳಂತೆಯೇ ಉದ್ಯಮಿಗಳೂ ಅರಿತಿರುವುದು ಅಗತ್ಯ.

1. ಪರೇಟೊ ವಿಶ್ಲೇಷಣೆ

ಕೆಲವೇ ಕಾರಣಗಳು ಬಹುಪಾಲು ನಷ್ಟವನ್ನು ಉಂಟುಮಾಡುತ್ತವೆ ಎಂಬುದು ಇದರ ತಿರುಳು. ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ ಅವರ ಹೆಸರಿನ ಈ ತತ್ತ್ವವನ್ನು ಗುಣಮಟ್ಟದ ಕ್ಷೇತ್ರಕ್ಕೆ ಅನ್ವಯಿಸಿದವರು ಜೋಸೆಫ್ ಜುರಾನ್.

ಗೋದಾಮೊಂದರ ನಿರ್ಮಾಣದಲ್ಲಿ 80 ದೋಷಗಳು ದಾಖಲಾಗಿವೆ ಎಂದು ಭಾವಿಸೋಣ:

ಬಣ್ಣ ಸುಲಿದಿರುವುದು – 32, ದುರಸ್ತಿ ವೆಚ್ಚ ರೂ. 48,000
ನೆಲದ ಬಿರುಕು – 24, ರೂ. 2,90,000
ಚಾವಣಿಯ ಸೋರಿಕೆ – 12, ರೂ. 1,20,000
ವಿದ್ಯುತ್ ಜೋಡಣೆ – 8, ರೂ. 30,000
ಬಾಗಿಲು, ಕಿಟಕಿ – 4, ರೂ. 12,000

ಸಂಖ್ಯೆಯಲ್ಲಿ ಬಣ್ಣದ ದೋಷವೇ ಮೊದಲನೆಯದು. ಆದರೆ ಒಟ್ಟು ರೂ. 5,00,000 ವೆಚ್ಚದಲ್ಲಿ ಅದರ ಪಾಲು ಶೇ. 10ಕ್ಕಿಂತ ಕಡಿಮೆ, ನೆಲ ಮತ್ತು ಚಾವಣಿಗಳ ಪಾಲು ಶೇ. 82. ದೋಷಗಳನ್ನು ಎಣಿಸಿದರೆ ಸಾಲದು, ರೂಪಾಯಿಗಳಲ್ಲಿಯೂ ಅಳೆಯಬೇಕು.

2. ಮೀನಿನ ಮೂಳೆಯ ಚಿತ್ರ

ಜಪಾನಿನ ಕವೋರು ಇಷಿಕಾವಾ ಅವರು ರೂಪಿಸಿದ ಈ ಚಿತ್ರದಲ್ಲಿ ದೋಷವು ಮೀನಿನ ತಲೆಯ ಸ್ಥಾನದಲ್ಲಿರುತ್ತದೆ. ಕೆಲಸಗಾರರು, ಯಂತ್ರ, ಸಾಮಗ್ರಿ, ವಿಧಾನ, ಅಳತೆ, ಪರಿಸರ ಎಂಬ ಆರು ಮೂಳೆಗಳ ಮೇಲೆ ಸಂಭವನೀಯ ಕಾರಣಗಳನ್ನು ಬರೆಯಲಾಗುತ್ತದೆ. ಮೇಸ್ತ್ರಿ, ಸ್ಟೋರ್ಸ್ ಗುಮಾಸ್ತ, ಲೆಕ್ಕಿಗ ಎಲ್ಲರೂ ಒಟ್ಟಿಗೆ ಕುಳಿತು ಇದನ್ನು ರಚಿಸಿದಾಗ, ಒಬ್ಬನ ಮೇಲೆಯೇ ತಪ್ಪು ಹೊರಿಸುವ ಪ್ರವೃತ್ತಿ ತಗ್ಗುತ್ತದೆ.

3. ಐದು 'ಏಕೆ'ಗಳು

ಟೊಯೋಟಾ ಸಂಸ್ಥೆಯಿಂದ ಪ್ರಸಿದ್ಧವಾದ ಈ ವಿಧಾನವನ್ನು ನಮ್ಮ ಉದಾಹರಣೆಗೆ ಅನ್ವಯಿಸೋಣ.

ನೆಲ ಏಕೆ ಬಿರುಕು ಬಿಟ್ಟಿತು? ಕಾಂಕ್ರೀಟು ಬೇಗ ಒಣಗಿತು.
ಏಕೆ? ಐಎಸ್ 456:2000 ಸಂಹಿತೆಯು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ವಿಧಿಸಿದ್ದ ಕನಿಷ್ಠ 7 ದಿನಗಳ ಕ್ಯೂರಿಂಗ್ ನಡೆಯಲಿಲ್ಲ.
ಏಕೆ? ಮೂರನೆಯ ದಿನದಿಂದ ನೀರಿನ ಟ್ಯಾಂಕರ್ ಬರಲಿಲ್ಲ.
ಏಕೆ? ಅವರ ಹಿಂದಿನ ಬಿಲ್ಲು ಪಾವತಿಯಾಗಿರಲಿಲ್ಲ.
ಏಕೆ? ಸಣ್ಣ ಬಿಲ್ಲುಗಳಿಗೂ ಮಾಲೀಕರ ಸಹಿಯೇ ಬೇಕಿತ್ತು, ಅವರು ಪರವೂರಿನಲ್ಲಿದ್ದರು.

ಮೊದಲ ಉತ್ತರಕ್ಕೇ ನಿಂತಿದ್ದರೆ ಗಾರೆ ಕೆಲಸದವನಿಗೆ ದಂಡ ಬೀಳುತ್ತಿತ್ತು. ಮುಂದಿನ ಕಾಮಗಾರಿಯಲ್ಲಿಯೂ ನೆಲ ಬಿರುಕು ಬಿಡುತ್ತಿತ್ತು. ದೋಷ ಕಂಡದ್ದು ನೆಲದಲ್ಲಿ, ಅದರ ಬೇರು ಇದ್ದದ್ದು ಕಚೇರಿಯಲ್ಲಿ. ಆದರೆ ಪ್ರತಿಯೊಂದು ಉತ್ತರಕ್ಕೂ ಆಧಾರ ಬೇಕು: ನಿವೇಶನದ ದಿನಚರಿ, ಟ್ಯಾಂಕರಿನ ಚೀಟಿ, ಪಾವತಿ ವೋಚರು. ದಾಖಲೆಯಿಲ್ಲದ 'ಏಕೆ' ಬರಿಯ ಊಹೆ.

4. ನಿಯಂತ್ರಣ ನಕ್ಷೆ

ಅಮೆರಿಕದ ವಾಲ್ಟರ್ ಶ್ಯೂಹಾರ್ಟ್ ಅವರು 1924ರಲ್ಲಿ ಇದನ್ನು ರೂಪಿಸಿದರು. ಕಾಂಕ್ರೀಟಿನ ಬಲದಂತಹ ಅಳತೆಗಳನ್ನು ಕಾಲಕ್ರಮದಲ್ಲಿ ಗುರುತಿಸಿದಾಗ, ಮಿತಿಯನ್ನು ಮೀರಿದ ಬಿಂದುವು ವಿಶೇಷ ಕಾರಣವನ್ನು ಸೂಚಿಸುತ್ತದೆ. ಅದನ್ನು ಕೂಡಲೇ ಹುಡುಕಬೇಕು. ಮಿತಿಯೊಳಗಿನ ಏರಿಳಿತ ವ್ಯವಸ್ಥೆಯ ಸಹಜ ಗುಣ. ಅದು ತಗ್ಗಬೇಕಾದರೆ ಕೆಲಸಗಾರನನ್ನು ಗದರಿಸಿ ಫಲವಿಲ್ಲ, ವ್ಯವಸ್ಥೆಯನ್ನೇ ಬದಲಿಸಬೇಕು.

ಇವುಗಳಿಗೆ ದುಬಾರಿ ಸಲಕರಣೆಗಳೇನೂ ಬೇಡ. ಸದಸ್ಯರು ಮೊದಲ ಹೆಜ್ಜೆಯಾಗಿ ತಮ್ಮ ಖಾತೆಪುಸ್ತಕದಲ್ಲಿ 'ಮರುಕೆಲಸದ ವೆಚ್ಚ' ಎಂಬ ಪ್ರತ್ಯೇಕ ಶೀರ್ಷಿಕೆಯನ್ನು ತೆರೆಯಲಿ. ಪ್ರತಿ ನಮೂದಿನ ಎದುರು ದೋಷದ ಬಗೆ ಮತ್ತು ಕಾಮಗಾರಿಯ ಹೆಸರನ್ನು ಬರೆಯಲಿ. ಮೂರು ತಿಂಗಳ ನಮೂದುಗಳು ಸೇರಿದರೆ ಪರೇಟೊ ವಿಶ್ಲೇಷಣೆಗೆ ಬೇಕಾದ ಅಂಕಿಅಂಶಗಳು ಕೈಯಲ್ಲಿಯೇ ಇರುತ್ತವೆ.