ಕಾಯಕವೂ ಕಾಯವೂ

ಕಾಯಕವೆಂಬ ಪದದೊಳಗೇ ಕಾಯವಿದೆ. ಶರಣರು ದೇಹವನ್ನು ಹೇಯವೆಂದು ತಳ್ಳಲಿಲ್ಲ. ದುಡಿಮೆಗೂ ಪೂಜೆಗೂ ಅದೇ ಸಾಧನವೆಂದು ಬಗೆದರು. ದೋಣಿ ನಡೆಸುವ ಚೌಡಯ್ಯ, ಹುಲ್ಲಿನ ಹಗ್ಗ ಹೊಸೆಯುವ ಚಂದಯ್ಯ, ತೊಗಲು ಹದಮಾಡುವ ಕಕ್ಕಯ್ಯ ಇವರೆಲ್ಲರಿಗೂ ಶರಣಸಮೂಹದಲ್ಲಿ ಸಮಾನಸ್ಥಾನವಿದ್ದಿತೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ದುಡಿಯುವವನ ಕಾಯಕವನ್ನು ಕೊಂಡಾಡಿ, ಅವನ ಕಾಯದ ಗತಿಯೇನೆಂದು ವಿಚಾರಿಸದೆ ಬಿಟ್ಟರೆ ಆ ಹೊಗಳಿಕೆ ಬರಿಯ ಬಾಯಿಮಾತು. ರೋಗವು ಯಾರ ಮನೆಗೆ ಮೊದಲು ಹೋಗುತ್ತದೆ, ಏಕೆ ಹೋಗುತ್ತದೆ ಎಂಬುದನ್ನು ಮಂಗಳೂರು ನಗರದ ನಿದರ್ಶನದಿಂದ ಇಲ್ಲಿ ವಿಚಾರಿಸೋಣ.

ಈ ನಗರವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ಇಲ್ಲಿ ವೈದ್ಯರ ಕೊರತೆಯಿಲ್ಲ. ವೆನ್‌ಲಾಕ್ ಮತ್ತು ಲೇಡಿ ಗೋಶನ್ ಎಂಬ ಸರಕಾರೀ ಆಸ್ಪತ್ರೆಗಳು ಬಹುಕಾಲದಿಂದ ಇವೆ. ಜರ್ಮನ್ ದೇಶದ ಪಾದ್ರಿ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನೂ ತೆರೆದರು. ಅದೇ ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. 1950ರ ದಶಕದಲ್ಲಿ ಬಂದ ಕಸ್ತೂರಬಾ ಕಾಲೇಜಿನ ಹಿಂದೆಯೇ ಇನ್ನೂ ಹಲವು ಕಾಲೇಜುಗಳು ಬಂದುವು. ಕಾಸರಗೋಡಿನಿಂದಲೂ ಘಟ್ಟದ ಮೇಲಿನಿಂದಲೂ ರೋಗಿಗಳು ಇಲ್ಲಿಗೇ ಬರುತ್ತಾರೆ. ಹೀಗಿದ್ದರೂ ಇದೇ ಊರಿನಲ್ಲಿ ಒಂದು ಬೀದಿಯವರಿಗೆ ತಾಗುವ ರೋಗ ಇನ್ನೊಂದು ಬೀದಿಯವರನ್ನು ಮುಟ್ಟದೆ ಹೋಗುತ್ತದೆ. ಆಸ್ಪತ್ರೆಯು ರೋಗ ಬಂದ ಮೇಲಿನ ಮಾತು. ಅದು ಬರುವುದಕ್ಕೆ ಮುಂಚಿನ ಮಾತು ಬೇರೆಯೇ ಇದೆ.

ಮಲೇರಿಯವನ್ನೇ ನೋಡಿರಿ. 1990ರ ದಶಕದಿಂದ ಮಂಗಳೂರಿನಲ್ಲಿ ಬಹುಮಹಡಿಯ ಕಟ್ಟಡಗಳು ಸಾಲಾಗಿ ಎದ್ದಂತೆ ಈ ಜ್ವರವೂ ತಲೆಯೆತ್ತಿತು. ಕಾಂಕ್ರೀಟು ಬಲಿಯಬೇಕಾದರೆ ಹೊಸ ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ. ನಗರದ ಮಲೇರಿಯವನ್ನು ಹರಡುವ ಸ್ಟೀಫೆನ್ಸಿ ಎಂಬ ಅನಾಫಿಲಿಸ್ ಸೊಳ್ಳೆ ಕೊಳಚೆಯನ್ನು ಬಯಸುವುದಿಲ್ಲ; ಇಂಥ ತಿಳಿನೀರು, ಮುಚ್ಚಳವಿಲ್ಲದ ತೊಟ್ಟಿ, ಬಾವಿ ಇವೇ ಅದಕ್ಕೆ ಬೇಕು. ಬಾಗಲಕೋಟೆ, ಕೊಪ್ಪಳ, ರಾಯಚೂರುಗಳಿಂದಲೂ ಒಡಿಶಾ, ಬಿಹಾರ, ಬಂಗಾಳಗಳಿಂದಲೂ ಬಂದ ಕೂಲಿಯವರು ಅದೇ ಕಟ್ಟಡದ ಕೆಳಗೆ, ಬಾಗಿಲು ಕಿಟಕಿ ಕೂಡಿಸದ ಕೋಣೆಗಳಲ್ಲಿ, ಇಲ್ಲವೆ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಸೊಳ್ಳೆ ಕಚ್ಚುವುದು ರಾತ್ರಿಯಲ್ಲಿ. ಮುಂದೆ ಅಲ್ಲಿ ವಾಸಿಸತಕ್ಕವರು ಕಿಟಕಿಗೆ ಜಾಲರಿ ಹಾಕಿಸಿಕೊಂಡೇ ಒಳಗೆ ಬರುತ್ತಾರೆಂಬುದನ್ನು ಬೇರೆ ಹೇಳಬೇಕೆ?

ಇಷ್ಟಕ್ಕೇ ಮುಗಿಯಲಿಲ್ಲ. ಇಲ್ಲಿ ಹೆಚ್ಚಾಗಿ ಕಂಡುಬರುವ ವೈವಾಕ್ಸ್ ಜಾತಿಯ ಮಲೇರಿಯದ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ಮೇಲೆ ಮತ್ತೆ ಏಳಬಲ್ಲುದು. ಅದನ್ನು ಬೇರುಸಹಿತ ಕೀಳಲು ಪ್ರೈಮಾಕ್ವಿನ್ ಗುಳಿಗೆಯನ್ನು 14 ದಿನ ಬಿಡದೆ ನುಂಗಬೇಕು. ಜ್ವರವಾದರೋ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಇಳಿದ ಕೂಡಲೆ ಕೂಲಿಯವನು ಕೆಲಸಕ್ಕೆ ಹೋಗಲೇಬೇಕು. ಮಲಗಿದ ದಿನಕ್ಕೆ ಮಜೂರಿಯಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಇನ್ನೊಂದು ಊರಿನ ಕೆಲಸಕ್ಕೆ ಕರೆದೊಯ್ದರೆ ಗುಳಿಗೆಯೂ ಮರೆಯಿತು, ಹೆಸರು ಬರೆದುಕೊಂಡ ಆರೋಗ್ಯ ಕಾರ್ಯಕರ್ತೆಗೆ ಅವನ ಸುಳಿವೂ ತಪ್ಪಿತು. ಇದನ್ನು ಅಜ್ಞಾನವೆಂದು ಕರೆಯುವವರು ಹೆಚ್ಚು. ಅವರಿಗೆ 14 ದಿನದ ಸಂಬಳಸಹಿತ ರಜೆಯುಂಟೆಂಬುದನ್ನು ನೆನಪಿಸಬೇಕು. ಮನೆಮನೆಗೆ, ಕಟ್ಟಡ ಕಟ್ಟಡಕ್ಕೆ ಹೋಗಿ ರಕ್ತಪರೀಕ್ಷೆ ನಡೆಸಿದುದರ ಫಲವಾಗಿ ಈಚಿನ ವರ್ಷಗಳಲ್ಲಿ ಮಂಗಳೂರಿನ ಮಲೇರಿಯ ಬಹಳವಾಗಿ ತಗ್ಗಿದೆಯೆಂಬುದು ಸಂತೋಷದ ಸಂಗತಿ. ರೋಗಿಯ ಬಾಗಿಲಿಗೆ ವೈದ್ಯ ಹೋದಾಗ ಮಾತ್ರ ಅದು ಸಾಧ್ಯವಾಯಿತು.

ಬೀಡಿ ಕಟ್ಟುವ ಹೆಂಗಸರ ಸ್ಥಿತಿಯೂ ಇಂಥದೇ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬೆನ್ನು ಬಗ್ಗಿಸಿ, ಹೊಗೆಸೊಪ್ಪಿನ ಧೂಳನ್ನು ಉಸಿರಾಡುತ್ತ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಟ್ಟಬೇಕು. 1966ರಲ್ಲಿ ಬೀಡಿ ಕಾರ್ಮಿಕರ ಕಾನೂನೂ 1976ರಲ್ಲಿ ಅವರ ಕಲ್ಯಾಣನಿಧಿಯ ಕಾನೂನೂ ಆದುವು. ಆದರೆ ಮನೆಯ ಜಗಲಿಯೇ ಕಾರ್ಖಾನೆಯಾದಾಗ ಧೂಳನ್ನು ಪರೀಕ್ಷಿಸಲು ಯಾವ ಅಧಿಕಾರಿ ಬರುತ್ತಾನೆ?

ಹಾಗಾದರೆ ಎಲ್ಲವೂ ಹಣದ ಪ್ರಶ್ನೆಯೇ ಎಂದು ವಾಚಕರು ಕೇಳಬಹುದು. ಅಲ್ಲ. 1967ರಲ್ಲಿ ಲಂಡನ್ನಿನ ಸರಕಾರೀ ಕಚೇರಿಗಳ ಗಂಡುನೌಕರರನ್ನು ಕುರಿತು ಒಂದು ದೀರ್ಘ ಪರಿಶೀಲನೆ ಆರಂಭವಾಯಿತು. ಮೈಕೆಲ್ ಮಾರ್ಮಟ್ ಮೊದಲಾದ ವೈದ್ಯರು ಅದರ ಫಲವನ್ನು ಪ್ರಕಟಿಸಿದಾಗ, ಕೆಳದರ್ಜೆಯ ಜವಾನರ ಮರಣಪ್ರಮಾಣ ಮೇಲ್ದರ್ಜೆಯ ಅಧಿಕಾರಿಗಳ ಪ್ರಮಾಣದ ಸುಮಾರು ಮೂರು ಪಟ್ಟಿದ್ದುದು ಗೊತ್ತಾಯಿತು. ಅವರಲ್ಲಿ ಯಾರೂ ಉಪವಾಸವಿದ್ದವರಲ್ಲ. ಚಿಕಿತ್ಸೆಯೂ ಎಲ್ಲರಿಗೂ ಉಚಿತವಾಗಿತ್ತು. ಮೆಟ್ಟಿಲು ಇಳಿದಂತೆಲ್ಲ ಆಯುಸ್ಸೂ ಇಳಿಯಿತು. ಧೂಮಪಾನವೇ ಮೊದಲಾದ ಅಭ್ಯಾಸಗಳನ್ನು ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿಯಾಗಿ ಅಳಿಯಲಿಲ್ಲ. ಕೀಳೆನಿಸಿಕೊಂಡು ಬಾಳುವುದೇ ಕಾಯಕ್ಕೆ ಒಂದು ಭಾರವೆಂದು ಇದರಿಂದ ಊಹಿಸಬೇಕಾಗುತ್ತದೆ.

ಆ ಭಾರದ ಅತ್ಯಂತ ಕ್ರೂರವಾದ ರೂಪ ನಮ್ಮ ಕರಾವಳಿಯಲ್ಲಿಯೇ ಇದ್ದಿತು. ಮೇಲಿನವರ ಮನೆಯ ರೋಗವೂ ಕೇಡೂ ತೊಲಗಲೆಂದು ಅವರ ಕೂದಲು, ಉಗುರುಗಳನ್ನು ಅನ್ನದಲ್ಲಿ ಬೆರಸಿ ಕೊರಗರಿಗೆ ಉಣ್ಣಿಸುವ ಅಜಲು ಪದ್ಧತಿ ಅದು. ಒಬ್ಬನ ವ್ಯಾಧಿಯನ್ನು ಇನ್ನೊಬ್ಬನ ಒಡಲಿಗೆ ದಾಟಿಸಬಹುದೆಂದು ನಂಬಿ, ಆ ಇನ್ನೊಬ್ಬನನ್ನು ಹುಟ್ಟಿನಿಂದಲೇ ಗೊತ್ತುಮಾಡಿದ್ದರು! ಕರ್ನಾಟಕ ಸರಕಾರ ಇದನ್ನು ಪ್ರತ್ಯೇಕ ಕಾನೂನಿನಿಂದ ನಿಷೇಧಿಸಿದುದು 2000ದಲ್ಲಿ. ಅದಕ್ಕೆ ನೂರು ವರ್ಷಗಳಿಗೂ ಮುನ್ನ, 1897ರಲ್ಲಿ, ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು ದಲಿತವರ್ಗಗಳ ಉದ್ಧಾರಕ್ಕೆಂದು ಸಂಸ್ಥೆಯನ್ನು ಕಟ್ಟಿ ಶಾಲೆ, ಕೈಕಸಬು, ನಿವೇಶನಗಳನ್ನು ಒದಗಿಸಲು ಹೊರಟರು. ಸ್ವಂತ ಜಾತಿಯವರಿಂದ ಬಹಿಷ್ಕಾರವನ್ನೂ ಉಂಡರು. ರಂಗರಾಯರು ಔಷಧಾಲಯದಿಂದ ಆರಂಭಿಸದೆ ನೆಲ, ನೆಲೆ, ವಿದ್ಯೆಗಳಿಂದ ಆರಂಭಿಸಿದುದು ಆರೋಗ್ಯದ ದೃಷ್ಟಿಯಿಂದಲೂ ಸರಿಯಾದ ಕ್ರಮವೆಂದೇ ನಮ್ಮ ಅಭಿಪ್ರಾಯ.

2001ರ ಜನಗಣತಿಯಲ್ಲಿ ರಾಜ್ಯದ ಕೊರಗರ ಸಂಖ್ಯೆ ಸುಮಾರು 16,000. 2011ರಲ್ಲಿ ಅದು 15,000ಕ್ಕೂ ಕೆಳಗೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷದಿಂದ 21 ಲಕ್ಷದ ಹತ್ತಿರಕ್ಕೆ ಏರಿತು. ಸರಕಾರ ಕೊರಗ ಕುಟುಂಬಗಳಿಗೆ ಮಳೆಗಾಲದಲ್ಲಿ ಬೇಳೆಕಾಳು, ಬೆಲ್ಲ, ಮೊಟ್ಟೆ ಮುಂತಾದ ಪೌಷ್ಟಿಕ ಆಹಾರವನ್ನು ಹಂಚುವ ಏರ್ಪಾಡು ಮಾಡಿದೆ. ಕಾಡಿಗೆ ಹೋಗಿ ಬಳ್ಳಿ ತರಲಾಗದೆ ಬುಟ್ಟಿ ಹೆಣೆಯುವ ಕೆಲಸ ನಿಲ್ಲುವುದು ಆ ತಿಂಗಳುಗಳಲ್ಲಿಯೇ.